ಹೆಬ್ಬೆಟ್ಟನ್ನೂ ಒಪ್ಪದ ಮಷೀನು

ಓದು ಬರಹ ಬಾರದವರನ್ನು ನಾವು ‘ಹೆಬ್ಬೆಟ್ಟು’ ಅಂತ ಆಡಿಕೊಂಡಿದ್ದಿದೆ. ಈಗ ಆ ಹೆಬ್ಬೆಟ್ಟನ್ನೂ ಮಷೀನು ಒಪ್ಪುತ್ತಿಲ್ಲ.

ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟದಲ್ಲಿ ವರ್ಷಗಟ್ಟಲೆ ದುಡಿದವರ ಕೈ ನೋಡಿ. ಸ್ಕ್ಯಾನರ್ ಹುಡುಕೋದು ಬೆರಳಿನ ಗೆರೆ ಎಲ್ಲಿ ಮುಗಿಯುತ್ತೆ, ಎಲ್ಲಿ ಕವಲೊಡೆಯುತ್ತೆ ಅನ್ನೋದನ್ನ. ವಯಸ್ಸಾದಂತೆ ಚರ್ಮ ಒಣಗಿ ಗೆರೆ ಮಸುಕಾಗುತ್ತವೆ. ಜೊತೆಗೆ ಮಣ್ಣು, ಕತ್ತರಿ, ಔಷಧಿ ಸಿಂಪಡಣೆ. ಗೆರೆಯೇ ಸವೆದ ಮೇಲೆ ಮಷೀನು ಏನನ್ನು ಹೊಂದಿಸೀತು? ಫೇಲ್ ಆಗಿದ್ದು ಡಿಸೈನು, ತಪ್ಪು ಮಾಡಿದವರಂತೆ ರೇಷನ್ ಅಂಗಡಿ ಮುಂದೆ ನಿಲ್ಲೋದು ಅಜ್ಜಿ. ‘ಆಧಾರ್ ಅಪ್‌ಡೇಟ್ ಮಾಡಿಸ್ಕೊಂಡ್ ಬರ್ರಿ’ ಅಂದ್ರೆ ವಿಜಯಪುರದ ಬಸ್ಸು ಹತ್ತಬೇಕು, ಆ ದಿನದ ಕೂಲಿ ಹೋಯ್ತು.

ಹಾಗಾದ್ರೆ ಒಟಿಪಿ? ಅದು ಹೋಗೋದು ಗೋವಾಕ್ಕೆ ದುಡಿಯೋಕೆ ಹೋದ ಮಗನ ಫೋನಿಗೆ. ಅವನು ಕೆಲಸದ ನಡುವೆ ನೋಡಿ ಹೇಳುವಷ್ಟರಲ್ಲಿ ಸಮಯ ಮುಗಿದಿರುತ್ತೆ. ವೆಬ್ ಬಳಕೆಯ ಅಂತರರಾಷ್ಟ್ರೀಯ ಮಾನದಂಡವೇ ಸಮಯದ ಮಿತಿಯನ್ನು ಹಿಗ್ಗಿಸಿಕೊಳ್ಳುವ ಅವಕಾಶ ಇರಬೇಕು ಅನ್ನುತ್ತೆ. ನಾವು ಎಂಜಿನಿಯರುಗಳು ಅದನ್ನು ಓದೋದು ಕಡಿಮೆ.

ಪಿಂಚಣಿದಾರರ ಜೀವನ್ ಪ್ರಮಾಣ್‌ಗೆ 2021ರಿಂದ ಮುಖ ತೋರಿಸಿದರೂ ಸಾಕು. ಒಳ್ಳೇದೇ. ಆದರೆ ಆ್ಯಪ್ ‘ಕಣ್ಣು ಮಿಟುಕಿಸಿ’ ಅನ್ನುತ್ತೆ. ಮಿಟುಕಿಸಲಾಗದ ಆಸಿಡ್ ದಾಳಿ ಸಂತ್ರಸ್ತರು ಕೆವೈಸಿ ವಿಷಯದಲ್ಲಿ ಸುಪ್ರೀಂ ಕೋರ್ಟಿಗೇ ಹೋಗಬೇಕಾಯ್ತು. ಡಿಜಿಟಲ್ ಸೇವೆ ಎಟುಕುವಂತಿರೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ 2025ರ ಏಪ್ರಿಲ್ 30ರಂದು ಕೋರ್ಟು ಹೇಳಿತು. ಕೈ ನಡುಗುವ, ಕಣ್ಣಿಗೆ ಪೊರೆ ಬಂದ ಮುದುಕರಿಗೂ ಈ ತೀರ್ಪು ಬೇಕು.

ಭಾಷೆಯದ್ದು ಇನ್ನೊಂದು ಕತೆ. ‘ದೃಢೀಕರಿಸಿ’ ಅನ್ನೋ ಬಟನ್ ಯಾರ ಕನ್ನಡ? ಬಬಲೇಶ್ವರದ ಅಜ್ಜ ಹೇಳೋದು ‘ಹೂಂ, ಖರೇ ಅದ’ ಅಂತ. 2022ರಲ್ಲಿ ಬಂದ ಯುಪಿಐ 123ಪೇಯಲ್ಲಿ ಸಾದಾ ಫೋನಿಂದ ಕರೆ ಮಾಡಿಯೂ ಹಣ ಕಳಿಸಬಹುದು. ಇಂಥ ಸೇವೆಗಳ ದನಿ ಆ ಕನ್ನಡದಲ್ಲಿ, ನಿಧಾನಕ್ಕೆ ಮಾತಾಡಿದ್ರೆ ಅರ್ಧ ಕೆಲಸ ಮುಗೀತು.

ಬೆರಳು ಹೊಂದದಿದ್ದರೂ ರೇಷನ್ ನಿರಾಕರಿಸಬೇಡಿ, ಬೇರೆ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಿ ಅಂತ ಕೇಂದ್ರ ಆಹಾರ ಇಲಾಖೆ 2017ರಲ್ಲೇ ಹೇಳಿದೆ. ಎರಡು ಸಲ ಫೇಲ್ ಆದ ಕೂಡಲೇ ಆ ದಾರಿ ಪರದೆ ಮೇಲೆ ದೊಡ್ಡ ಬಟನ್ ಆಗಿ ಬರಬೇಕು. ಅದನ್ನ ಬೆಂಗಳೂರಿನ ಆಫೀಸಲ್ಲಲ್ಲ, ತಿಕೋಟಾದ ರೇಷನ್ ಅಂಗಡಿಯಲ್ಲಿ ಪರೀಕ್ಷಿಸಬೇಕು.