ನಗರಕ್ಕೆ ಬಂದ ಸುಂಟರಗಾಳಿ

ನಮ್ಮ ಕಲಿಕಾ ಕೇಂದ್ರದ ಗೋಡೆಗೆ ಒಂದು ಫೋಟೋ ಅಂಟಿಸಿದೆವು. ಅದರ ಬಗ್ಗೆ ಏನೂ ಹೇಳಲಿಲ್ಲ. ಸುಮ್ಮನೆ ನೋಡಿ ಎಂದೆವು.

ಫೋಟೋದಲ್ಲಿ ಒಂದು ದೊಡ್ಡ ನಗರ ಇದೆ. ಎತ್ತರದ ಕಟ್ಟಡಗಳು ಸಾಲಾಗಿ ನಿಂತಿವೆ. ಮೇಲೆ ಮೋಡ ಕವಿದಿದೆ. ಆ ಮೋಡದಿಂದ ಆನೆಯ ಸೊಂಡಿಲಿನಂಥದ್ದು ಒಂದು ಕೆಳಗೆ ಇಳಿದಿದೆ. ನೇರ ಕಟ್ಟಡಗಳ ಹತ್ತಿರಕ್ಕೇ ಇಳಿದಿದೆ. ಅದರ ಮುಂದೆ ಅಷ್ಟು ದೊಡ್ಡ ಕಟ್ಟಡಗಳೂ ಬೆಂಕಿಪೊಟ್ಟಣದ ಹಾಗೆ ಕಾಣುತ್ತವೆ.

"ಅಯ್ಯೋ, ಎಷ್ಟು ಜನ ಸತ್ತರು?" ಒಬ್ಬ ಅಕ್ಕ ಕೇಳಿದರು.

"ಯಾರೂ ಸಾಯಲಿಲ್ಲ" ಎಂದೆವು.

"ಹಾಗಾದ್ರೆ ಇದು ಸುಳ್ಳು ಫೋಟೋ. ಈಗ ಮೊಬೈಲ್‌ನಲ್ಲಿ ಏನು ಬೇಕಾದ್ರೂ ಮಾಡ್ತಾರೆ ಬಿಡಿ" ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು.

ಸುಳ್ಳಲ್ಲ. ಅದು ನಡೆದದ್ದು 1997ರ ಮೇ 12ರಂದು. ಸೋಮವಾರ, ಮಧ್ಯಾಹ್ನ ಸುಮಾರು ಎರಡು ಗಂಟೆ. ಊರಿನ ಹೆಸರು ಮಯಾಮಿ. ಅದು ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿದೆ. ಸಮುದ್ರದ ದಂಡೆಯ ದೊಡ್ಡ ಊರು. ಹಾಡುಹಗಲೇ ಸುಂಟರಗಾಳಿ ಬಂತು. ಕಚೇರಿಗಳಲ್ಲಿ ಜನ ಕೆಲಸ ಮಾಡುತ್ತಿದ್ದರು. ಕ್ಯಾಮೆರಾ ಇದ್ದವರು ಕ್ಯಾಮೆರಾ ಎತ್ತಿದರು. ಹೀಗಾಗಿ ಅವತ್ತಿನದು ಒಂದೇ ಫೋಟೋ ಅಲ್ಲ, ಹಲವು ಫೋಟೋಗಳಿವೆ. ಅವು ದೇಶ ವಿದೇಶದ ಪತ್ರಿಕೆಗಳಲ್ಲಿ ಬಂದವು.

ಗಾಳಿ ಮೊದಲು ಮನೆಗಳಿರುವ ಬಡಾವಣೆಯಲ್ಲಿ ನೆಲ ಮುಟ್ಟಿತು. ಆಮೇಲೆ ಲಿಟಲ್ ಹವಾನಾ ಎಂಬ ಕಡೆ ಹೋಯಿತು. ಅದು ಕ್ಯೂಬಾ ದೇಶದಿಂದ ಬಂದು ನೆಲೆಸಿದವರ ಬಡಾವಣೆ. ಅಲ್ಲಿಂದ ಎತ್ತರದ ಕಟ್ಟಡಗಳ ನಡುವೆ ನುಗ್ಗಿತು. ಕೊಲ್ಲಿಯ ನೀರನ್ನೂ ದಾಟಿತು. ಎದುರು ದಂಡೆಯ ಹತ್ತಿರ ಹೋಗಿ ಕರಗಿ ಹೋಯಿತು. ಇಷ್ಟೆಲ್ಲ ಆದದ್ದು ಸುಮಾರು ಹದಿನೈದು ನಿಮಿಷದಲ್ಲಿ. ಒಂದು ಸೇರು ಅಕ್ಕಿ ಆರಿಸುವಷ್ಟರಲ್ಲಿ ಎನ್ನಿ. ಮರಗಳು ಬುಡಸಮೇತ ಬಿದ್ದವು. ಕಿಟಕಿ ಗಾಜುಗಳು ಒಡೆದವು. ಕರೆಂಟು ಹೋಯಿತು. ಹನ್ನೆರಡು ಮಂದಿಗೆ ಗಾಯವಾಯಿತು. ಸಾವು ಮಾತ್ರ ಆಗಲಿಲ್ಲ.

ಫೋಟೋದಲ್ಲಿ ರಾಕ್ಷಸನ ಹಾಗೆ ಕಾಣುವ ಈ ಗಾಳಿ ಸುಂಟರಗಾಳಿಗಳ ಲೆಕ್ಕದಲ್ಲಿ ಚಿಕ್ಕದು!

ಆ ಲೆಕ್ಕ ಹಾಕಿದವರು ಫುಜಿಟಾ ಎಂಬ ವಿಜ್ಞಾನಿ. ಹುಟ್ಟಿದ್ದು ಜಪಾನಿನಲ್ಲಿ. ಕೆಲಸ ಮಾಡಿದ್ದು ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ. ಸುಂಟರಗಾಳಿಯ ಒಳಗೆ ಹೋಗಿ ವೇಗ ಅಳೆಯಲು ಆಗುತ್ತದೆಯೇ? ಅಳೆಯುವ ಯಂತ್ರವೇ ಹಾರಿ ಹೋಗುತ್ತದೆ. ಅದಕ್ಕೆ ಫುಜಿಟಾ ಬೇರೆ ದಾರಿ ಹಿಡಿದರು. ಗಾಳಿ ಹೋದ ಮೇಲೆ ಆ ಜಾಗಕ್ಕೆ ಹೋಗುವುದು. ಏನು ಮುರಿದಿದೆ, ಏನು ಉಳಿದಿದೆ ನೋಡುವುದು. ಅದರಿಂದ ವೇಗವನ್ನು ಅಂದಾಜು ಮಾಡುವುದು. 1971ರಲ್ಲಿ ಅವರು ಸೊನ್ನೆಯಿಂದ ಐದರವರೆಗೆ ದರ್ಜೆ ಮಾಡಿದರು. ಸೊನ್ನೆ ಎಂದರೆ ಕೊಂಬೆ ಮುರಿಯುವ ಗಾಳಿ. ಐದು ಎಂದರೆ ಗಟ್ಟಿ ಮನೆಯನ್ನೂ ಅಡಿಪಾಯದಿಂದ ಕಿತ್ತು ಗುಡಿಸಿ ಹಾಕುವ ಗಾಳಿ. ಮಯಾಮಿಯ ಗಾಳಿಗೆ ಸಿಕ್ಕಿದ್ದು ಒಂದನೇ ದರ್ಜೆ. ಆ ದರ್ಜೆಯ ವೇಗ ಗಂಟೆಗೆ 117ರಿಂದ 180 ಕಿಲೋಮೀಟರ್. ಒಂದನೇ ದರ್ಜೆ ಎಂದು ಹಗುರ ಮಾಡಬೇಡಿ. ಹೆದ್ದಾರಿಯಲ್ಲಿ ಓಡುವ ಬಸ್ಸಿಗಿಂತ ಅದು ಬಹಳ ಜೋರು.

ಫುಜಿಟಾ ಅವರಿಗೂ ಫೋಟೋಗಳೇ ಪಾಠ ಹೇಳಿದವು. 1957ರ ಜೂನ್ 20ರಂದು ಅಮೆರಿಕದ ಫಾರ್ಗೊ ಎಂಬ ಊರಿಗೆ ದೊಡ್ಡ ಸುಂಟರಗಾಳಿ ಬಡಿಯಿತು. ಊರಿನ ಜನ ತಮ್ಮ ತಮ್ಮ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆದಿದ್ದರು. ಫುಜಿಟಾ ಅವನ್ನೆಲ್ಲ ಕೂಡಿಸಿದರು. ನೂರಕ್ಕೂ ಹೆಚ್ಚು ಫೋಟೋ ಆದವು. ಯಾವುದು ಎಲ್ಲಿಂದ ತೆಗೆದದ್ದು, ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿದರು. ಮೋಡ ಹೇಗೆ ತಿರುಗಿತು, ಸೊಂಡಿಲು ಎಲ್ಲಿಂದ ಇಳಿಯಿತು ಎಂಬುದು ತಿಳಿಯಿತು. ವಿಜ್ಞಾನ ಗೊತ್ತಿಲ್ಲದ ಜನ ತೆಗೆದ ಫೋಟೋಗಳು ಅವು.

ಈ ಗಾಳಿ ಹುಟ್ಟುವುದು ಹೇಗೆ?

ಬಿಸಿಲಿಗೆ ನೆಲ ಕಾಯುತ್ತದೆ. ನೆಲದ ಮೇಲಿನ ಗಾಳಿಯೂ ಬಿಸಿಯಾಗುತ್ತದೆ. ಬಿಸಿ ಗಾಳಿ ಹಗುರ, ಒಲೆಯ ಹೊಗೆಯ ಹಾಗೆ ಮೇಲೆ ಏರುತ್ತದೆ. ಆ ಗಾಳಿಯಲ್ಲಿ ನೀರಿನ ಆವಿ ಇರುತ್ತದೆ. ಎತ್ತರಕ್ಕೆ ಹೋಗಿ ತಣ್ಣಗಾದಾಗ ಆವಿ ಹನಿಯಾಗುತ್ತದೆ. ಗುಡುಗು ಮಿಂಚಿನ ದೊಡ್ಡ ಮೋಡ ಕಟ್ಟುತ್ತದೆ. ಇಷ್ಟು ನಮ್ಮಲ್ಲೂ ಆಗುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಹೀಗೇ ಬರುವುದು.

ದೊಡ್ಡ ಸುಂಟರಗಾಳಿ ಹುಟ್ಟಬೇಕಾದರೆ ಇನ್ನೊಂದು ಸೇರಬೇಕು. ನೆಲದ ಹತ್ತಿರ ಗಾಳಿ ಒಂದು ದಿಕ್ಕಿಗೆ ನಿಧಾನ ಬೀಸುತ್ತಿರಬೇಕು. ಮೇಲೆ ಬೇರೆ ದಿಕ್ಕಿಗೆ ಜೋರಾಗಿ ಬೀಸುತ್ತಿರಬೇಕು. ಆಗ ನಡುವಿನ ಗಾಳಿ ಉರುಳತೊಡಗುತ್ತದೆ. ದೀಪಕ್ಕೆ ಬತ್ತಿ ಹೊಸೆಯುತ್ತೀರಲ್ಲ, ಒಂದು ಕೈ ಮುಂದೆ, ಒಂದು ಕೈ ಹಿಂದೆ? ನಡುವೆ ಹತ್ತಿ ಉರುಳುತ್ತದೆ. ಹಾಗೇ. ಅಡ್ಡಲಾಗಿ ಉರುಳುವ ಈ ಗಾಳಿಯನ್ನು ಮೇಲೇರುವ ಬಿಸಿ ಗಾಳಿ ಎತ್ತಿ ನಿಲ್ಲಿಸುತ್ತದೆ. ಮೋಡವೇ ಒಳಗೊಳಗೆ ತಿರುಗುತ್ತದೆ. ತಿರುಗುವ ಸುತ್ತು ಕಿರಿದಾದಷ್ಟೂ ವೇಗ ಹೆಚ್ಚು. ಹುಡುಗಿಯರಾಗಿದ್ದಾಗ ಇಬ್ಬರು ಕೈ ಕೈ ಹಿಡಿದು ಗಿರಗಿರ ತಿರುಗಿದ್ದೀರಲ್ಲ? ಕೈ ಮಡಚಿ ಹತ್ತಿರ ಬಂದರೆ ಇನ್ನೂ ಜೋರಾಗಿ ತಿರುಗುತ್ತಿದ್ದಿರಿ. ಅದೇ ಲೆಕ್ಕ. ಆದರೆ ಎಲ್ಲ ಗುಡುಗು ಮೋಡವೂ ಸೊಂಡಿಲು ಇಳಿಸುವುದಿಲ್ಲ. ಇಳಿಸುವುದು ಕೆಲವೇ ಕೆಲವು.

ಸೊಂಡಿಲು ಕಣ್ಣಿಗೆ ಕಾಣುವುದೂ ಆವಿಯಿಂದಲೇ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬಿಳಿ ಹಬೆ ಕಾಣುತ್ತದಲ್ಲ, ಅಂಥ ಸಣ್ಣ ಹನಿಗಳು ಅವು. ನೆಲದ ಧೂಳು ಸೇರಿದರೆ ಕಪ್ಪಾಗುತ್ತದೆ. ಕಾಣುವ ಸೊಂಡಿಲಿನ ಆಚೆಗೂ ಗಾಳಿ ಸುತ್ತುತ್ತಿರುತ್ತದೆ. ಅದು ಫೋಟೋದಲ್ಲಿ ಬರುವುದಿಲ್ಲ.

"ನಮ್ಮ ಹೊಲದಲ್ಲೂ ಸುಂಟರಗಾಳಿ ಬರುತ್ತೆ. ದೆವ್ವದ ಗಾಳಿ ಅಂತೀವಿ" ಎಂದರು ಒಬ್ಬರು. ಬೇಸಿಗೆಯಲ್ಲಿ ಧೂಳು, ತರಗೆಲೆ ಎತ್ತಿಕೊಂಡು ಸುತ್ತುವ ಆ ಗಾಳಿ ಬೇರೆ. ಅದು ಕಾದ ನೆಲದಿಂದ ಮೇಲಕ್ಕೆ ಏಳುತ್ತದೆ. ಅದಕ್ಕೆ ಮೋಡ ಬೇಡ, ದೆವ್ವವೂ ಬೇಡ. ಚಂಡಮಾರುತ ಮತ್ತೂ ಬೇರೆ. ಅದು ಸಮುದ್ರದ ಮೇಲೆ ಹುಟ್ಟುತ್ತದೆ. ನೂರಾರು ಕಿಲೋಮೀಟರ್ ಅಗಲ ಇರುತ್ತದೆ. ದಿನಗಟ್ಟಲೆ ಇರುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಕಾಡಿದ ತೌಕ್ತೆ ಅಂಥದ್ದು. ಅದು ಬರುವುದು ರೇಡಿಯೋ, ಟಿವಿಯಲ್ಲಿ ಮೊದಲೇ ತಿಳಿದಿತ್ತು. ಸುಂಟರಗಾಳಿ ಅಷ್ಟು ಸಮಯ ಕೊಡುವುದಿಲ್ಲ.

ದೊಡ್ಡ ನಗರಕ್ಕೆ ಸುಂಟರಗಾಳಿ ಬರುವುದಿಲ್ಲ, ಕಟ್ಟಡಗಳು ತಡೆಯುತ್ತವೆ ಎಂದು ಬಹಳ ಜನ ನಂಬಿದ್ದರು. ಈಗಲೂ ನಂಬುವವರಿದ್ದಾರೆ. ಆ ಸೊಂಡಿಲಿಗೆ ಕಟ್ಟಡ ಯಾವ ಲೆಕ್ಕ? ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ 1896ರ ಮೇ 27ರಂದೇ ಬಂದಿತ್ತು. 255 ಜನ ಸತ್ತರು. ನಗರಗಳು ನೆಲದಲ್ಲಿ ಸ್ವಲ್ಪ ಜಾಗ ಹಿಡಿದಿವೆ, ಬಯಲು ಹೆಚ್ಚು ಇದೆ. ಅದಕ್ಕೇ ನಗರಕ್ಕೆ ತಗಲುವುದು ಅಪರೂಪ. ಅಷ್ಟೇ.

ಈಗ ಇನ್ನೊಂದು ಸುಂಟರಗಾಳಿಯ ಮಾತು. ಗೋಡೆಗೆ ಅಂಟಿಸಲು ಇದರ ಫೋಟೋ ನಮ್ಮ ಹತ್ತಿರ ಇಲ್ಲ.

1989ರ ಏಪ್ರಿಲ್ 26. ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆ. ಅಲ್ಲಿ ತಿಂಗಳುಗಟ್ಟಲೆ ಮಳೆ ಇರಲಿಲ್ಲ. ಜನ ಮೋಡ ನೋಡುತ್ತಾ ಕಾದಿದ್ದರು. ಸಂಜೆ ಹೊತ್ತಿಗೆ ದೌಲತ್‌ಪುರ, ಸಾಟುರಿಯಾ ಎಂಬ ಕಡೆ ಸುಂಟರಗಾಳಿ ಬಡಿಯಿತು. ಸುಮಾರು 1300 ಜನ ಸತ್ತರು. ಸುಮಾರು 80,000 ಜನ ಮನೆ ಕಳೆದುಕೊಂಡರು. ಅಮೆರಿಕದ ಅತಿ ಕೆಟ್ಟ ಸುಂಟರಗಾಳಿ 1925ರದು. ಅದರಲ್ಲಿ ಸತ್ತವರು 695. ಜಗತ್ತಿನಲ್ಲಿ ಲೆಕ್ಕಕ್ಕೆ ಸಿಕ್ಕಿರುವ ಸುಂಟರಗಾಳಿಗಳಲ್ಲಿ ಬಾಂಗ್ಲಾದೇಶದ್ದೇ ಎಲ್ಲಕ್ಕಿಂತ ಹೆಚ್ಚು ಜೀವ ತೆಗೆದುಕೊಂಡದ್ದು. ಆದರೆ ಹೆಸರು ಕೇಳಿದವರು ಎಷ್ಟು ಜನ?

ಎರಡು ಗಾಳಿಗಳ ಬಲ ಒಂದೇ ಅಲ್ಲ, ನಿಜ. ಬಾಂಗ್ಲಾದೇಶದ್ದು ಬಹಳ ಜೋರು. ಆದರೆ ಜನ ಎಂಥ ಮನೆಯೊಳಗೆ ಇದ್ದರು ಎಂಬುದನ್ನೂ ನೋಡಬೇಕು. ಮಯಾಮಿಯ ಕಚೇರಿಗಳದು ಕಾಂಕ್ರೀಟು, ಉಕ್ಕು. ಗಾಜು ಒಡೆಯಿತು, ಕಟ್ಟಡ ನಿಂತಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬಿದಿರು, ಮಣ್ಣು, ತಗಡಿನ ಮನೆಗಳು. ಗಾಳಿಗೆ ಹಾರಿದ ತಗಡು ಕುಡುಗೋಲಿನ ಹಾಗೆ ಕೊಯ್ಯುತ್ತದೆ.

ತಗಡು ಎಂದ ಕೂಡಲೇ ಕೇಂದ್ರದಲ್ಲಿ ಮಾತು ನಿಂತಿತು. ಅವತ್ತು ಬಂದಿದ್ದವರಲ್ಲಿ ಅರ್ಧ ಜನರದು ತಗಡಿನ ಸೂರು. ನಮ್ಮ ಊರಿಗೆ ಸುಂಟರಗಾಳಿ ಬಾರದೆ ಇರಬಹುದು. ಮುಂಗಾರಿಗೆ ಮೊದಲಿನ ಬಿರುಗಾಳಿ ವರ್ಷವೂ ಬರುತ್ತದೆ. ತಗಡು ಹಾರಬಾರದು ಎಂದು ನಾವು ಮೇಲೆ ಕಲ್ಲು ಹೇರುತ್ತೇವೆ. ಜೋರು ಗಾಳಿಗೆ ತಗಡು ಎದ್ದರೆ ಕಲ್ಲು ಉರುಳಿ ಬೀಳುತ್ತದೆ, ಒಳಗೆ ಮಲಗಿದವರ ಮೇಲೆ. ಕಲ್ಲಿಗಿಂತ ಕೊಕ್ಕೆ ಬೋಲ್ಟು ಮೇಲು. ಅದು ತಗಡನ್ನು ಕೆಳಗಿನ ಅಡ್ಡಪಟ್ಟಿಗೆ ಬಿಗಿದು ಹಿಡಿಯುತ್ತದೆ. ಅಡ್ಡಪಟ್ಟಿಯನ್ನೂ ಗೋಡೆಗೆ ಬಿಗಿದಿರಬೇಕು. ಇಲ್ಲದಿದ್ದರೆ ಎರಡೂ ಸೇರಿ ಹಾರುತ್ತವೆ. ಸೂರಿನ ಅಂಚುಗಳಲ್ಲಿ ಬೋಲ್ಟು ಹತ್ತಿರ ಹತ್ತಿರ ಇರಲಿ. ಗಾಳಿ ಮೊದಲು ಎಬ್ಬಿಸುವುದು ಅಂಚನ್ನೇ. ಬಿರುಗಾಳಿ ಎದ್ದಾಗ ಕಿಟಕಿ ಹತ್ತಿರ ನಿಲ್ಲಬೇಡಿ. ಹತ್ತಿರದಲ್ಲಿ ಗಟ್ಟಿ ಚಾವಣಿಯ ಶಾಲೆಯೋ, ಸಮುದಾಯ ಭವನವೋ ಇದ್ದರೆ ಗಾಳಿ ಜೋರಾಗುವ ಮೊದಲೇ ಮಕ್ಕಳನ್ನು ಕರೆದುಕೊಂಡು ಹೋಗಿ. ಮರದ ಕೆಳಗೆ ಮಾತ್ರ ಬೇಡ.

ಮರುದಿನ ಒಬ್ಬ ಅಕ್ಕ ಬಂದು ಹೇಳಿದರು: "ರಾತ್ರಿ ಬ್ಯಾಟರಿ ಹಿಡಿದು ನಮ್ಮ ಸೂರಿನ ಮೇಲಿನ ಕಲ್ಲು ಎಣಿಸಿದೆ. ಹದಿನಾಲ್ಕು ಇದ್ದವು. ಮಗು ಮಲಗೋ ಜಾಗದ ಮೇಲೇ ನಾಲ್ಕು." ಚಾಪೆಯನ್ನು ಆಚೆ ಎಳೆದು ಹಾಕಿದ್ದರಂತೆ. ಬೋಲ್ಟಿಗೆ ಎಷ್ಟಾಗುತ್ತದೆ ಎಂದು ಅಂಗಡಿಯಲ್ಲಿ ಕೇಳಿ, ತಮ್ಮ ಕೈಯಿಂದಲೇ ನೋಟ್ ಪುಸ್ತಕದಲ್ಲಿ ಲೆಕ್ಕ ಬರೆದುಕೊಂಡು ಬಂದಿದ್ದರು.