ಮಣ್ಣಿಗಿಳಿದ ಪೆಟ್ರೋಲ್, ಬಾವಿಗೆ ಬರುವ ವಿಷ

2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯ ಕೆಲವು ಮನೆಗಳ ಬೋರ್‌ವೆಲ್‌ಗಳಲ್ಲಿ ನೀರಿನ ಜೊತೆ ಪೆಟ್ರೋಲ್, ಡೀಸೆಲ್ ಬರತೊಡಗಿತು. ಬಂದರಿನಿಂದ ಡಿಪೋಗೆ ತೈಲ ಸಾಗಿಸುವ ಭೂಗತ ಪೈಪ್ ಸೋರಿತ್ತು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅಲ್ಲಿನವರಿಗೆ ಕೊಡದಲ್ಲೇ ತೈಲ ಕಂಡಿತು. ಆದರೆ ತೈಲ ಡಿಪೋ, ಕಾರ್ಖಾನೆ, ಪೆಟ್ರೋಲ್ ಬಂಕ್‌ಗಳ ಪಕ್ಕದಲ್ಲಿ ವಾಸಿಸುವ ಎಲ್ಲರಿಗೂ ಹೀಗೆ ಸೂಚನೆ ಸಿಗುವುದಿಲ್ಲ.

ಬಣ್ಣ, ರುಚಿ, ವಾಸನೆ ಸಾಕೇ?

ನೀರಿನ ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ಎಂದು ನೋಡುವುದನ್ನು ನಾವು ಮದ್ರಸದ ದಿನಗಳಲ್ಲೇ ಕಲಿಯುತ್ತೇವೆ. ಯುನಾನಿ ವೈದ್ಯರೂ ನೀರಿನ ಗುಣವನ್ನು ಪರೀಕ್ಷಿಸುತ್ತಿದ್ದರು. ಎರಡು ಬಗೆಯ ನೀರಿನಲ್ಲಿ ಸಮತೂಕದ ಬಟ್ಟೆಗಳನ್ನು ನೆನೆಸಿ, ಚೆನ್ನಾಗಿ ಒಣಗಿಸಿ ತೂಗಿದಾಗ ಹಗುರವಾಗಿರುವ ಬಟ್ಟೆಯ ನೀರೇ ಉತ್ತಮ ಎಂದು ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಹೇಳಿದ್ದಾರೆ. ಲವಣ, ಕಲ್ಮಶ ತಿಳಿಯಲು ಅದು ಜಾಣತನದ ಉಪಾಯ. ಆದರೆ ಪೆಟ್ರೋಲ್‌ನಲ್ಲಿರುವ ಬೆಂಝೀನ್ ಬಟ್ಟೆ ಒಣಗುವ ಮೊದಲೇ ಆವಿಯಾಗಿ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಬೆಂಝೀನ್ 0.01 ಮಿಲಿಗ್ರಾಂ ಮೀರಬಾರದು. ಆದರೆ ನೀರಿನಲ್ಲಿ ಅದರ ವಾಸನೆ ಮೂಗಿಗೆ ತಿಳಿಯಲು ಲೀಟರಿಗೆ ಸುಮಾರು 10 ಮಿಲಿಗ್ರಾಂ ಇರಬೇಕು. ಅಂದರೆ ಮಿತಿಯ ಸಾವಿರ ಪಟ್ಟು. ವಾಸನೆ ಬಂದರೆ ನೀರು ಕೆಟ್ಟಿದೆ ಎನ್ನಬಹುದು. ವಾಸನೆ ಇಲ್ಲದಿದ್ದರೆ ಒಳ್ಳೆಯದಿದೆ ಎನ್ನಲಾಗದು.

ನೆಲದೊಳಗೆ ಏನಾಗುತ್ತದೆ?

ಸೋರಿದ ತೈಲ ಮಣ್ಣಿನ ಸಂದುಗಳಲ್ಲಿ ಇಳಿದು ಅಂತರ್ಜಲದ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ನೀರಿನ ಮಟ್ಟ ಏರಿ, ಬೇಸಿಗೆಯಲ್ಲಿ ಇಳಿಯುವಾಗ ತೈಲವೂ ಏರಿ ಇಳಿದು ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಬೆಂಝೀನ್‌ನಂಥ ಅಂಶಗಳು ನೀರಿನಲ್ಲಿ ಕರಗಿ ಅದರೊಂದಿಗೆ ಹರಿಯುತ್ತವೆ. ಇನ್ನೊಂದು ಭಾಗ ಆವಿಯಾಗಿ ಮೇಲೇರಿ, ಮನೆಯ ನೆಲದ ಬಿರುಕುಗಳಿಂದ ಒಳಗೆ ಬರಬಹುದು.

ತನಿಖೆ ಹೇಗೆ ನಡೆಯುತ್ತದೆ?

ಮೊದಲು ಜಾಗದ ಇತಿಹಾಸ ನೋಡುತ್ತಾರೆ. ಟ್ಯಾಂಕ್ ಎಲ್ಲಿತ್ತು, ಪೈಪ್ ಎಲ್ಲಿ ಹಾದಿದೆ, ತಂದ ತೈಲಕ್ಕೂ ಮಾರಿದ ತೈಲಕ್ಕೂ ಲೆಕ್ಕ ಹೊಂದುತ್ತದೆಯೇ ಎಂದು ಪರಿಶೀಲಿಸುತ್ತಾರೆ. ನಂತರ ಅಲ್ಲಲ್ಲಿ ಕೊರೆದು, ಬೇರೆಬೇರೆ ಆಳದ ಮಣ್ಣು ತೆಗೆದು, ಅದರಿಂದ ಹೊರಡುವ ಆವಿಯನ್ನು ಉಪಕರಣದಿಂದ ಅಳೆಯುತ್ತಾರೆ. ಅನುಮಾನ ಬಂದ ಮಣ್ಣು ಪ್ರಯೋಗಾಲಯಕ್ಕೆ ಹೋಗುತ್ತದೆ.

ಆಮೇಲೆ ನೀರಿನ ಮಟ್ಟ ನೋಡಲು ಸಣ್ಣ ವೀಕ್ಷಣಾ ಬಾವಿಗಳನ್ನು ಕೊರೆಯುತ್ತಾರೆ. ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ತಿಳಿಯಲು ಕನಿಷ್ಠ ಮೂರು ಬಾವಿಗಳು ಬೇಕು, ಅವೂ ಒಂದೇ ಸಾಲಿನಲ್ಲಿ ಇರಬಾರದು. ದಿಕ್ಕು ತಿಳಿದರೆ ಮುಂದೆ ಯಾರ ಬಾವಿಗೆ ಅಪಾಯ ಎಂಬುದೂ ತಿಳಿಯುತ್ತದೆ. ತೇಲುವ ತೈಲದ ದಪ್ಪವನ್ನು ಅಳೆದು, ನೀರಿನಲ್ಲಿ ಬೆಂಝೀನ್, ಟಾಲೀನ್, ಕ್ಸೈಲೀನ್ ಎಷ್ಟಿವೆ ಎಂದು ಪರೀಕ್ಷಿಸುತ್ತಾರೆ. ಮಳೆ ಮತ್ತು ಬೇಸಿಗೆ ಎರಡೂ ಕಾಲದಲ್ಲಿ ಅಳೆಯದೆ ತನಿಖೆ ಮುಗಿಯುವುದಿಲ್ಲ.

ಈ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕು ಎಂಬುದಕ್ಕೆ ಅಮೆರಿಕದ ಮಿನ್ನೆಸೋಟಾ ರಾಜ್ಯದ ಬೆಮಿಜಿ ಸಾಕ್ಷಿ. 1979ರ ಆಗಸ್ಟ್ 20ರಂದು ಅಲ್ಲಿ ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾ ತೈಲ ಚೆಲ್ಲಿತು. ಶುಚಿಗೊಳಿಸಿದ ಮೇಲೂ ಸುಮಾರು 4 ಲಕ್ಷ ಲೀಟರ್ ನೆಲದಲ್ಲೇ ಉಳಿಯಿತು. 1983ರಿಂದ ವಿಜ್ಞಾನಿಗಳು ಅಲ್ಲಿ ಬಾವಿಗಳನ್ನು ಅಳೆಯುತ್ತ ಬಂದಿದ್ದಾರೆ. ಮಣ್ಣಿನ ಸೂಕ್ಷ್ಮಾಣುಗಳು ತೈಲವನ್ನು ತಿನ್ನುವುದರಿಂದ ವಿಷ ಬಹುದೂರ ಹರಡಲಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ದಶಕಗಳ ಬಳಿಕವೂ ಅಂತರ್ಜಲದ ಮೇಲೆ ತೈಲ ಉಳಿದಿತ್ತು. ಮಣ್ಣು ಮುಚ್ಚಿದರೆ ಎಲ್ಲ ಮುಗಿಯಿತು ಎಂಬ ಮಾತನ್ನು ನಂಬಬೇಡಿ.

ದೇಹಕ್ಕೇನು ತೊಂದರೆ?

ಆವಿ ಹೆಚ್ಚಾದರೆ ತಲೆನೋವು, ತಲೆಸುತ್ತು, ಕಣ್ಣುರಿ ಬರಬಹುದು. ಬೆಂಝೀನ್ ದೀರ್ಘಕಾಲ ದೇಹ ಸೇರಿದರೆ ರಕ್ತ ತಯಾರಾಗುವ ಮೂಳೆಮಜ್ಜೆಗೆ ಹಾನಿಯಾಗುತ್ತದೆ. ರಕ್ತಹೀನತೆ, ರಕ್ತದ ಕ್ಯಾನ್ಸರ್ ಬರುವ ಅಪಾಯವಿದೆ. ಇದಕ್ಕೆ ರಕ್ತಶುದ್ಧಿಯ ಶರಬತ್ತು, ಮಾಜೂನ್ ಮದ್ದಲ್ಲ. ಆ ನೀರು, ಆ ಗಾಳಿಯಿಂದ ದೂರವಾಗುವುದೇ ಮೊದಲ ಚಿಕಿತ್ಸೆ. ಬಹುಕಾಲ ಆ ನೀರು ಕುಡಿದವರು ರಕ್ತಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರು ಮತ್ತು ಮಕ್ಕಳ ವಿಷಯದಲ್ಲಿ ತಡ ಬೇಡ.

ಮನೆಯವರು ಮಾಡಬೇಕಾದದ್ದು

* ಅನುಮಾನ ಬಂದ ನೀರನ್ನು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ.
* ಕುದಿಸಿದರೆ ರೋಗಾಣು ಸಾಯುತ್ತದೆ, ಬೆಂಝೀನ್ ಸಾಯುವುದಿಲ್ಲ. ಅದು ಆವಿಯಾಗಿ ಅಡುಗೆಮನೆ ತುಂಬುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಬಿಸಿನೀರಿನ ಸ್ನಾನಕ್ಕೂ ಇದೇ ಮಾತು.
* ವುಝೂವಿನಲ್ಲಿ ಬಾಯಿಗೂ ಮೂಗಿಗೂ ನೀರು ಸೇರುತ್ತದೆ. ಇಂಥ ನೀರಿನ ಧಾರ್ಮಿಕ ವಿಧಿಯನ್ನು ಆಲಿಮರಲ್ಲಿ ಕೇಳಿ. ಆರೋಗ್ಯದ ದೃಷ್ಟಿಯಿಂದ ಬೇರೆ ನೀರು ಬಳಸುವುದೇ ಸರಿ. ಮಸೀದಿಯ ಬಾವಿಯನ್ನೂ ಪರೀಕ್ಷಿಸಿ.
* ನೀರಿನ ಟಿಡಿಎಸ್ ಮೀಟರ್ ಲವಣ ತೋರಿಸುತ್ತದೆ, ಪೆಟ್ರೋಲ್ ತೋರಿಸುವುದಿಲ್ಲ. ಪ್ರಯೋಗಾಲಯದಲ್ಲಿ ಬೆಂಝೀನ್ ಪರೀಕ್ಷೆ ಬೇಕೆಂದು ಬಾಯಿಬಿಟ್ಟು ಕೇಳಿ. ಅವರು ಕೊಡುವ ಗಾಜಿನ ಸೀಸೆಯನ್ನು ಗಾಳಿಗುಳ್ಳೆ ಇಲ್ಲದಂತೆ ತುಂಬಿ, ತಂಪಾಗಿಟ್ಟು ತಲುಪಿಸಿ.
* ಗ್ರಾಮ ಪಂಚಾಯತ್ ಅಥವಾ ನಗರಸಭೆಗೂ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಲಿಖಿತ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಒಬ್ಬರೇ ಹೋಗುವ ಬದಲು ನೆರೆಹೊರೆಯವರೆಲ್ಲ ಸಹಿ ಹಾಕಿ.
* ಗ್ಯಾರೇಜ್ ನಡೆಸುವ ಸಹೋದರರು ಹಳೆಯ ಎಂಜಿನ್ ಆಯಿಲ್ ಅನ್ನು ಹಿತ್ತಲಿಗೋ ಚರಂಡಿಗೋ ಸುರಿಯದಿರಲಿ. ಇಂದು ನಾವು ನೆಲಕ್ಕೆ ಚೆಲ್ಲಿದ್ದು ನಾಳೆ ನೆರೆಮನೆಯ ಕೊಡದಲ್ಲಿ ಬರಬಹುದು.