ಟ್ರೇಲರ್ ಕಟ್ಟಿದ ಮೇಲೆ ಎಡ-ಬಲ ಬದಲಾಗುತ್ತದೆ

ಹೊಸ ಟ್ರ್ಯಾಕ್ಟರ್ ಬಂದ ಮನೆಯಲ್ಲಿ ಮೊದಲ ವರ್ಷ ಮುರಿಯುವುದು ಟ್ರ್ಯಾಕ್ಟರ್ ಅಲ್ಲ. ಗೇಟಿನ ಕಂಬ, ಕೊಟ್ಟಿಗೆಯ ಮೂಲೆ, ನೀರಿನ ಪೈಪು, ಪಕ್ಕದವರ ಬೇಲಿ. ಕಿರವತ್ತಿಯ ಸುತ್ತಮುತ್ತ ಇಪ್ಪತ್ತು-ಇಪ್ಪತ್ತೈದು ವರ್ಷದಿಂದ ಇದನ್ನು ನೋಡುತ್ತ ಬಂದಿದ್ದೇನೆ. ಉಳುಮೆ ಕಲಿಯಲು ನಮ್ಮ ಹುಡುಗರಿಗೆ ನಾಲ್ಕು ದಿನ ಸಾಕು. ನೇಗಿಲು ಹೇಳಿದ ಹಾಗೆ ಹಿಂದೆ ಬರುತ್ತದೆ, ಎತ್ತಿದರೆ ಏಳುತ್ತದೆ. ಟ್ರೇಲರ್ ಹಾಗಲ್ಲ. ಅದಕ್ಕೆ ಅದರದೇ ಗಾಲಿ, ಅದರದೇ ಭಾರ, ಅದರದೇ ಹಟ.

ಮುಂದಕ್ಕೆ ಎಳೆಯುವಷ್ಟು ಹೊತ್ತು ಟ್ರೇಲರ್ ಬಹಳ ಸಾಧು. ನಾವು ಅದನ್ನು ಹಿಂದಕ್ಕೆ ದೂಡಲು ಹೊರಟಾಗ, ಇಲ್ಲವೇ ಇಳಿಜಾರಿನಲ್ಲಿ ಅದೇ ನಮ್ಮನ್ನು ದೂಡಲು ಶುರು ಮಾಡಿದಾಗ, ಲೆಕ್ಕವೆಲ್ಲ ತಿರುಗುಮುರುಗು. ನಾನು ಕಂಡ ಅವಘಡಗಳಲ್ಲಿ ಹೆಚ್ಚಿನವು ಈ ಎರಡು ಜಾಗದಲ್ಲೇ ಆದವು.

ನಮ್ಮ ಊರು ಎರಡು ಸೀಮೆಯ ನಡುವೆ ಇದೆ. ಪೂರ್ವಕ್ಕೆ ಹೋದರೆ ಕಲಘಟಗಿಯ ಬಯಲು. ಗೋವಿನಜೋಳ, ಹತ್ತಿ, ಭತ್ತ, ಅಲ್ಲಲ್ಲಿ ಕಬ್ಬು. ಪಶ್ಚಿಮಕ್ಕೆ ಯಲ್ಲಾಪುರದ ಕಡೆ ಅಡಿಕೆ ತೋಟ, ಬರೀ ಏರು-ಇಳಿವು. ಬಯಲಿನವರ ಕೈಯಲ್ಲಿ ಟ್ರ್ಯಾಕ್ಟರ್, ತೋಟದವರ ಕೈಯಲ್ಲಿ ಪವರ್ ಟಿಲ್ಲರ್. ಹಾಗಾಗಿ ಎರಡೂ ಬಗೆಯ ಪಜೀತಿ ನೋಡುವ ಭಾಗ್ಯ ನಮಗಿದೆ.

ಹಿಂದೆ ತಗೊಳ್ಳುವ ಪಾಡು

ಗೋವಿನಜೋಳ ತುಂಬಿದ ಟ್ರೇಲರನ್ನು ಗೋದಾಮಿನ ಬಾಗಿಲಿಗೆ ಹಿಂದೆ ಮಾಡಿ ಹಚ್ಚಬೇಕು. ನಮ್ಮ ಓಣಿಯ ಹುಡುಗ, ಕೊಂಡು ಎರಡು ತಿಂಗಳಾದ ಟ್ರ್ಯಾಕ್ಟರು. ಕಟ್ಟೆಯ ಮೇಲೆ ನಾಲ್ಕು ಜನ. ಒಬ್ಬ "ಎಡಕ್ಕ ತಗೋ" ಅಂದ, ಇನ್ನೊಬ್ಬ "ಬಲಕ್ಕ ಕಡಿ, ಬಲಕ್ಕ ಕಡಿ" ಅಂದ, ಮೂರನೆಯವ ಸುಮ್ಮನೆ "ಬರ್ಲಿ, ಬರ್ಲಿ" ಅನ್ನುತ್ತಿದ್ದ. ಹುಡುಗ ಎಡಕ್ಕೆ ತಿರುವಿದ, ಟ್ರೇಲರ್ ಬಲಕ್ಕೆ ಹೊರಟಿತು. ಗಾಬರಿಯಾಗಿ ಇನ್ನೂ ಎಡಕ್ಕೆ ತಿರುವಿದ. ಟ್ರ್ಯಾಕ್ಟರ್-ಟ್ರೇಲರ್ ಎರಡೂ ಚಾಕು ಮಡಚಿದ ಹಾಗೆ ಮಡಚಿಕೊಂಡವು. ಟ್ರೇಲರಿನ ಮುಂದಿನ ಕಬ್ಬಿಣ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಒತ್ತಿ ಟೈರಿನ ಪಕ್ಕೆ ಸೀಳಿತು. ಹೊಸ ಟೈರು! ಆ ವರ್ಷದ ಜೋಳದ ಲಾಭ ಆ ಒಂದು ಗಳಿಗೆಯಲ್ಲಿ ಹೋಯಿತು.

ಕಾರಣ ಸರಳ. ಹಿಂದೆ ಬರುವಾಗ ಟ್ರ್ಯಾಕ್ಟರಿನ ಹಿಂಭಾಗ ಎಡಕ್ಕೆ ಸರಿದರೆ ಕೊಂಡಿಯೂ ಎಡಕ್ಕೆ ಸರಿಯುತ್ತದೆ. ಟ್ರೇಲರಿನ ಮೂತಿ ಎಡಕ್ಕೆ ಹೋದರೆ ಬಾಲ ಬಲಕ್ಕೆ ಹೋಗಲೇಬೇಕು. ತಕ್ಕಡಿಯ ದಂಡಿಗೆ ಇದ್ದ ಹಾಗೆ.

ಯುರೋಪು, ಅಮೆರಿಕದಲ್ಲಿ ಕಾರಿನ ಹಿಂದೆ ಮಲಗುವ ಮನೆಯನ್ನೇ ಟ್ರೇಲರ್ ಮಾಡಿ ಕಟ್ಟಿಕೊಂಡು ಪ್ರವಾಸ ಹೋಗುತ್ತಾರೆ. ಅವರ ಹೊಸಬರಿಗೂ ಮೊದಲ ತಾಪತ್ರಯ ಇದೇ ಅಂತೆ! ಅವರಲ್ಲಿ ಹೇಳಿಕೊಡುವ ಒಂದು ಉಪಾಯ ನಮಗೂ ನಡೆಯುತ್ತದೆ. ಸ್ಟೇರಿಂಗನ್ನು ಮೇಲೆ ಹಿಡಿಯಬೇಡಿ, ಕೆಳತುದಿಯಲ್ಲಿ ಒಂದು ಕೈಯಿಂದ ಹಿಡಿಯಿರಿ. ಟ್ರೇಲರಿನ ಬಾಲ ಯಾವ ಕಡೆ ಹೋಗಬೇಕೋ ಆ ಕೈಯನ್ನು ಅದೇ ಕಡೆ ಸರಿಸಿ. ತಲೆಯಲ್ಲಿ ಎಡ-ಬಲ ಲೆಕ್ಕ ಹಾಕುವ ಕೆಲಸವೇ ಇಲ್ಲ. ಎಡ ಅಂದರೆ ಮುಂದೆ ನೋಡಿ ಕುಳಿತಾಗಿನ ಎಡ. ಹಿಂದೆ ತಿರುಗಿ ನೋಡುವಾಗಲೂ ಅದನ್ನು ಬದಲಿಸಬಾರದು.

ಇನ್ನೊಂದು ಮಾತು. ಟ್ರೇಲರ್ ತಿರುಗಲು ಶುರುವಾದ ಕೂಡಲೇ ಸ್ಟೇರಿಂಗನ್ನು ಆಚೆ ಕಡೆ ತಂದು ಅದರ ಬೆನ್ನು ಹತ್ತಬೇಕು. ಇಲ್ಲದಿದ್ದರೆ ಅದು ತಿರುಗುತ್ತಲೇ ಹೋಗುತ್ತದೆ. ಕೈ ತಪ್ಪಿತು ಅನಿಸಿದರೆ ಹಿಂದೆಯೇ ಸರಿಪಡಿಸಲು ಹೋಗಬೇಡಿ. ಮುಂದೆ ಎರಡು ಮಾರು ಎಳೆದರೆ ಟ್ರೇಲರ್ ತಾನೇ ನೆಟ್ಟಗಾಗುತ್ತದೆ. ಹಳೆಯ ಡ್ರೈವರುಗಳು ಎರಡು-ಮೂರು ಸಲ ಮುಂದೆ-ಹಿಂದೆ ಮಾಡುತ್ತಾರೆ. ಕಟ್ಟೆಯ ಮೇಲಿನವರು ನಕ್ಕರೆ ನಗಲಿ, ಟೈರು ಅವರದಲ್ಲ.

ಸನ್ನೆ ಮಾಡುವವರು ಒಬ್ಬರೇ ಇರಬೇಕು, ಡ್ರೈವರನ ಕಣ್ಣಿಗೆ ಕಾಣುವ ಜಾಗದಲ್ಲಿ ನಿಲ್ಲಬೇಕು. ಗೋಡೆಗೂ ಟ್ರೇಲರಿಗೂ ನಡುವೆ ಅಲ್ಲ. ಬಾಯಿಂದ ಎಡ-ಬಲ ಹೇಳುವುದಕ್ಕಿಂತ ಟ್ರೇಲರಿನ ಬಾಲ ಎಲ್ಲಿಗೆ ಬರಬೇಕೋ ಅಲ್ಲಿಗೆ ಕೈ ತೋರಿಸುವುದು ಒಳ್ಳೆಯದು.

ಎರಡು ಗಾಲಿಯ ಟ್ರೇಲರಿಗೆ ಇಷ್ಟು ಸಾಕು. ನಾಲ್ಕು ಗಾಲಿಯದು ಕೊಂಡಿಯಲ್ಲೂ ಮುಂದಿನ ಗಾಲಿಯ ತಿರುಗಣಿಯಲ್ಲೂ, ಎರಡು ಕಡೆ ಮಡಚುತ್ತದೆ. ಅದು ಹೊಸಬರಿಗೆ ಬೇಡವೇ ಬೇಡ. ಕಬ್ಬಿನ ಕಾಲದಲ್ಲಿ ಹಳಿಯಾಳದ ಕಾರ್ಖಾನೆಯ ಕಡೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವವರನ್ನು ನೋಡಿ ಆಸೆಪಡುವವರಿದ್ದಾರೆ. ಆ ಗಾಡಿಯನ್ನು ಹಿಂದೆ ತರಬೇಕಾದರೆ ಅವರೂ ಹಿಂದಿನದನ್ನು ಬಿಚ್ಚುತ್ತಾರೆ.

ಕಂಬ ಉಳಿಸುವ ಲೆಕ್ಕ

ನಮ್ಮ ಗೇಟಿಗೆ ಚಿರೇಕಲ್ಲಿನ ಎರಡು ಕಂಬ ಇದ್ದವು. ಗೊಬ್ಬರ ತಂದ ಬಾಡಿಗೆ ಟ್ರ್ಯಾಕ್ಟರಿನಿಂದಾಗಿ ಈಗ ಒಂದೂವರೆ ಇದೆ. ಟ್ರ್ಯಾಕ್ಟರ್ ಸಲೀಸಾಗಿ ಒಳಗೆ ಬಂತು, ಟ್ರೇಲರಿನ ಗಾಲಿ ಕಂಬಕ್ಕೆ ಏರಿತು. ತಿರುವಿನಲ್ಲಿ ಟ್ರೇಲರ್ ಟ್ರ್ಯಾಕ್ಟರಿನ ಜಾಡಿನಲ್ಲಿ ಬರುವುದಿಲ್ಲ, ಒಳಗಿನಿಂದ ಅಡ್ಡದಾರಿ ಹಿಡಿಯುತ್ತದೆ. ಒದ್ದೆ ನೆಲದ ಮೇಲೆ ಒಂದು ಸುತ್ತು ಹೊಡೆದು ಗಾಲಿಯ ಗುರುತು ನೋಡಿದರೆ ಎಷ್ಟು ಒಳಗೆ ಬರುತ್ತದೆಂದು ಗೊತ್ತಾಗುತ್ತದೆ. ಗೇಟಿನಿಂದ ದೂರ ಸರಿದು, ಆದಷ್ಟು ನೆಟ್ಟಗೆ ಮಾಡಿಕೊಂಡು ಒಳಹೋಗಬೇಕು. ಕಂಬ ಟ್ರೇಲರಿನ ಗಾಲಿಯನ್ನು ದಾಟುವ ತನಕ ತಿರುವಬಾರದು.

ಚಕ್ಕಡಿಯವರು ಬಲ್ಲ ವಿದ್ಯೆ

ಭಾರ ಹೇರುವ ವಿಷಯದಲ್ಲಿ ನಮ್ಮ ಅಜ್ಜಂದಿರಿಗೆ ಪಾಠ ಬೇಕಿರಲಿಲ್ಲ. ಚಕ್ಕಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆಗೆ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣು. ಹೇರಿದ ಮೇಲೆ ನೊಗ ಎತ್ತಿ ನೋಡಿ ಒಂದು ಚೀಲ ಹಿಂದೆ ಮುಂದೆ ಮಾಡುತ್ತಿದ್ದರು.

ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯ. ಹಿಂಭಾರವಾದರೆ ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲೆತ್ತಿ ದೊಡ್ಡ ಗಾಲಿಯ ಹಿಡಿತ ತಪ್ಪಿಸುತ್ತದೆ, ರಸ್ತೆಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಬಹಳ ಮುಂಭಾರವಾದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರವಾಗಿ ಸ್ಟೇರಿಂಗ್ ಕೇಳುವುದಿಲ್ಲ. ಕಾರಿಗೆ ಟ್ರೇಲರ್ ಕಟ್ಟುವ ಅಮೆರಿಕದವರು ಒಟ್ಟು ಭಾರದ 100ರಲ್ಲಿ 10ರಿಂದ 15 ಪಾಲು ಕೊಂಡಿಯ ಮೇಲೆ ಬರಲಿ ಎನ್ನುತ್ತಾರೆ. ಆ ಅಂಕಿ ಟ್ರ್ಯಾಕ್ಟರಿಗೆ ಹಾಗೇ ಹೊಂದಬೇಕೆಂದಿಲ್ಲ, ಆದರೆ ಕೊಂಡಿಯ ಮೇಲೆ ಒಂದಿಷ್ಟು ಭಾರ ಇರಲೇಬೇಕು. ಇಳಿಸುವಾಗ ಮುಂದಿನ ಚೀಲ ಮೊದಲು ತೆಗೆದು ಹಿಂದಿನದನ್ನು ಬಿಟ್ಟರೂ ಹಿಂಭಾರವೇ. ಪಿನ್ನು ಬಿಚ್ಚಿದ್ದರೆ ಟ್ರೇಲರಿನ ಮೂತಿ ಆಕಾಶಕ್ಕೆ.

ಮೂತಿ ಕಟ್ಟುವುದು ಕೆಳಗಿನ ಕೊಂಡಿಗೆ ಮಾತ್ರ. ಕೆಸರಿನಲ್ಲಿ ಹೂತ ಟ್ರೇಲರನ್ನು ಎಳೆಯಲು ಸರಪಳಿಯನ್ನು ಮೇಲಿನ ಟಾಪ್ ಲಿಂಕಿನ ಜಾಗಕ್ಕೆ ಕಟ್ಟುವವರಿದ್ದಾರೆ. ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಮ್ಮುಖ ಮಗುಚುವುದು ಹೀಗೆಯೇ. ಮಗುಚಲು ಶುರುವಾದರೆ ಹಾರಿ ತಪ್ಪಿಸಿಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ.

ಇಳಿಜಾರಿನಲ್ಲಿ

ಟ್ರೇಲರ್ ಮತ್ತು ಮಾಲು ಸೇರಿ 3 ಟನ್ ಅಂದುಕೊಳ್ಳಿ. 10 ಅಡಿಗೆ 1 ಅಡಿ ಇಳಿಯುವ ದಾರಿಯಲ್ಲಿ ಅದು ಟ್ರ್ಯಾಕ್ಟರಿನ ಬೆನ್ನನ್ನು ಸುಮಾರು 300 ಕಿಲೋದಷ್ಟು ಬಲದಿಂದ ದೂಡುತ್ತದೆ. ನಮ್ಮಲ್ಲಿನ ಹೆಚ್ಚಿನ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಹಿಡಿಯಬೇಕಾದದ್ದೆಲ್ಲ ಟ್ರ್ಯಾಕ್ಟರೇ.

ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಇದನ್ನು ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವ ಚಾಳಿ ಅರಬೈಲು ಘಟ್ಟದಲ್ಲಿ ಮಾತ್ರವಲ್ಲ, ಕೆರೆಯ ಏರಿಯಿಂದ ಗದ್ದೆಗಿಳಿಯುವ ಇಪ್ಪತ್ತು ಮಾರು ದಾರಿಯಲ್ಲೂ ಅಪಾಯ. ಮಧ್ಯೆ ಕ್ಲಚ್ ಒತ್ತಿದರೂ ಅದೇ ಕತೆ.

ಎರಡು ಬ್ರೇಕಿನ ಪೆಡಲುಗಳನ್ನು ಸೇರಿಸುವ ಚಿಲಕ ಇರುತ್ತದಲ್ಲ, ಹೊಲದಲ್ಲಿ ಸುತ್ತು ತಿರುಗಲು ಅದನ್ನು ಬಿಚ್ಚಿರುತ್ತೇವೆ. ಟ್ರೇಲರ್ ಕಟ್ಟಿ ರಸ್ತೆಗೆ ಬರುವಾಗ ಹಾಕಲು ಮರೆತರೆ ಬ್ರೇಕ್ ಒಂದೇ ಗಾಲಿಗೆ ಬೀಳುತ್ತದೆ. ಹಿಂದಿನಿಂದ ಭಾರ ದೂಡುತ್ತಿರುವಾಗ ಟ್ರ್ಯಾಕ್ಟರ್ ಅಡ್ಡ ತಿರುಗಿ ನಿಲ್ಲಲು ಇಷ್ಟು ಸಾಕು. ನಮ್ಮ ಪಕ್ಕದ ಹಳ್ಳಿಯಲ್ಲಿ ಹೀಗೆ ಭತ್ತದ ಹುಲ್ಲಿನ ಟ್ರೇಲರ್ ಮಗುಚಿತು. ಹುಲ್ಲಿನ ಮೇಲೆ ಕೂತಿದ್ದ ಮೂವರು ಹೆಣ್ಣಾಳುಗಳಲ್ಲಿ ಒಬ್ಬಾಕೆಯ ಸೊಂಟ ಮುರಿಯಿತು. ಆಕೆ ಮತ್ತೆ ನಾಟಿಗೆ ಬರಲಿಲ್ಲ.

ಟಿಲ್ಲರಿನ ಮಾಯೆ

ಇನ್ನು ತೋಟಿಗರ ಸಂಗತಿ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಜೊತೆ ಸೇರಿ ಟಿಲ್ಲರ್ ಮಾಡಲು ಶುರುವಾದದ್ದು. ಕೇರಳದ ಕಾಮ್ಕೋ 1973ರದ್ದು. ಗದ್ದೆ ಉಳುವ ಈ ಯಂತ್ರ ಮಲೆನಾಡಿನಲ್ಲಿ ಹೆಚ್ಚಾಗಿ ಗಾಡಿಯೇ ಆಗಿಬಿಟ್ಟಿದೆ. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಗೊಬ್ಬರ, ಮಣ್ಣು, ದರಕು ಎಲ್ಲ ತುಂಬಿಕೊಂಡು ಇಳಿಯಬೇಕು. ಅಂದರೆ ಭಾರ ಇರುವುದು ಇಳಿಯುವಾಗಲೇ.

ಯಲ್ಲಾಪುರದ ಕಡೆಯ ಹುಡುಗನೊಬ್ಬ, ಬೆಂಗಳೂರಿನ ನೌಕರಿ ಬಿಟ್ಟು ಬಂದವ, ಟಿಲ್ಲರ್ ತಂದ. ಮಾರಿದವರು ಅಂಗಡಿಯ ಎದುರಿನ ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ಕಲಿಸಿ ಕಳಿಸಿದ್ದರು. ಎಡದ ಹಿಡಿ ಒತ್ತಿದರೆ ಎಡಕ್ಕೆ, ಬಲದ್ದು ಒತ್ತಿದರೆ ಬಲಕ್ಕೆ. ಮೂರನೇ ದಿನ ಮಣ್ಣು ತುಂಬಿಕೊಂಡು ತೋಟಕ್ಕಿಳಿದ. ತಿರುವಿನಲ್ಲಿ ಎಡದ ಹಿಡಿ ಒತ್ತಿದ, ಟಿಲ್ಲರ್ ಬಲಕ್ಕೆ ನುಗ್ಗಿತು. ಇನ್ನೂ ಗಟ್ಟಿ ಒತ್ತಿದ. ಧರೆಯಿಂದ ಕೆಳಗೆ, ಕಾದಿಗೆಯಲ್ಲಿ. ಕಾಲಿನ ಮೇಲೆ ಹ್ಯಾಂಡಲು. ಆ ವರ್ಷದ ಕೊಯ್ಲನ್ನು ಮಂಚದ ಮೇಲೆ ಮಲಗಿಯೇ ಕಳೆದ. ನೋಡಲು ಹೋದಾಗ ಅವನ ಅಪ್ಪ ಹೇಳಿದರು: "ಎಡದ್ದು ಹಿಡಿದ್ರೆ ಬಲಕ್ಕೆ ಹೋತು ಮಾರಾಯಾ, ಗಾಡಿಗೆ ಭೂತ ಬಡಕಂಜು!"

ಭೂತ ಅಲ್ಲ. ಸಮತಟ್ಟಿನಲ್ಲಿ ಎಂಜಿನ್ ಎರಡೂ ಗಾಲಿಯನ್ನು ತಿರುಗಿಸುತ್ತಿರುತ್ತದೆ. ಎಡದ ಹಿಡಿ ಒತ್ತಿದರೆ ಎಡಗಾಲಿಗೆ ಬಲ ತಪ್ಪುತ್ತದೆ, ಬಲಗಾಲಿ ಮುಂದೆ ಹೋಗುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಟ್ರೇಲರ್ ದೂಡುವಾಗ ಅದೇ ಎಂಜಿನ್ ಎರಡೂ ಗಾಲಿಯನ್ನು ಓಡದಂತೆ ಹಿಡಿದಿರುತ್ತದೆ. ಆಗ ಎಡದ ಹಿಡಿ ಒತ್ತಿದರೆ ಎಡಗಾಲಿಗೆ ಹಿಡಿತ ತಪ್ಪಿ ಅದು ಓಡುತ್ತದೆ, ಗಾಡಿ ಬಲಕ್ಕೆ. ಟಿಲ್ಲರ್ ಸುಮಾರು 400 ಕಿಲೋ, ಹಿಂದಿನ ಭಾರ ಅದರ ಎರಡು-ಮೂರು ಪಟ್ಟು. ಯಾರ ಮಾತು ನಡೆಯುತ್ತದೆ ಹೇಳಿ.

ಹಾಗಾದರೆ ಇಳಿಯುವಾಗ ಉಲ್ಟಾ ಒತ್ತಬಹುದಲ್ಲ ಎನ್ನುವವರಿದ್ದಾರೆ. ಪಳಗಿದವರು ಒತ್ತುತ್ತಾರೆ. ಆದರೆ ಒಂದೇ ದಾರಿಯಲ್ಲಿ ಹತ್ತು ಮಾರು ಇಳಿವು, ಐದು ಮಾರು ಸಮ, ಮತ್ತೆ ಇಳಿವು ಇದ್ದರೆ ಯಾವಾಗ ಉಲ್ಟಾ, ಯಾವಾಗ ಸುಲ್ಟಾ ಎಂದು ನಿರ್ಧರಿಸಲು ಹೊಸಬರಿಗೆ ಆಗುವುದಿಲ್ಲ. ಇಳಿಜಾರಿನಲ್ಲಿ ಹಿಡಿ ಮುಟ್ಟದೆ, ಸಣ್ಣ ಗೇರಿನಲ್ಲಿ, ಹ್ಯಾಂಡಲನ್ನೇ ಪಕ್ಕಕ್ಕೆ ದೂಡಿ ತಿರುಗಿಸುವುದು ಕ್ಷೇಮ. ಜೊತೆಗೆ ಟ್ರೇಲರಿನ ಕಾಲು ಬ್ರೇಕನ್ನು ಹದವಾಗಿ ಒತ್ತಿ ಹಿಡಿದರೆ ಭಾರ ದೂಡುವುದು ನಿಂತು ಟಿಲ್ಲರ್ ಎಳೆಯುವ ಸ್ಥಿತಿಯಲ್ಲೇ ಇರುತ್ತದೆ. ಅದಕ್ಕೆ ಆ ಬ್ರೇಕ್ ಕೆಲಸ ಮಾಡಬೇಕು! ಮಣ್ಣು ತುಂಬಿ ಜಾಮಾದ ಬ್ರೇಕಿನ ಟ್ರೇಲರುಗಳನ್ನು ನಮ್ಮ ಸೀಮೆಯಲ್ಲಿ ಬೇಕಾದಷ್ಟು ನೋಡಬಹುದು.

ತೋಟದ ದಾರಿ ಕಡಿಸುವಾಗಲೇ ಇದನ್ನು ಯೋಚಿಸಿದರೆ ಇನ್ನೂ ಒಳ್ಳೆಯದು. ಕಡಿದಾದ ಜಾಗ ನೆಟ್ಟಗಿರಲಿ, ತಿರುವು ಸಮತಟ್ಟಿನಲ್ಲಿ ಬರಲಿ. ನನ್ನ ಪ್ರಕಾರ ಹಿಡಿಯ ಪಾಠಕ್ಕಿಂತ ಇದೇ ದೊಡ್ಡ ಉಪಾಯ.

ಕಟ್ಟುವಾಗ, ದಾಟುವಾಗ

ಪಿನ್ನಿನ ಬದಲು ಸ್ಪ್ಯಾನರು, ಕಬ್ಬಿಣದ ಸರಳು ಹಾಕಿ ಓಡಿಸುವವರಿಗೆ ಏನೂ ಹೇಳಲಾರೆ. ಪಿನ್ನು ಹಾರದಂತೆ ಕೆಳಗೆ ಚಿಕ್ಕ ಲಾಕು, ಜೊತೆಗೊಂದು ಸರಪಳಿ, ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ತೂತು ಕೂಡಿದೆಯೇ ಎಂದು ಬೆರಳು ಹಾಕಿ ನೋಡುವುದು ಬೇಡ. ಟ್ರ್ಯಾಕ್ಟರ್ ಹಿಂದೆ ಬರುತ್ತಿರುವಾಗ ನಡುವೆ ಯಾರೂ ನಿಲ್ಲಬಾರದು. ನಿಂತ ಮೇಲೆ, ಗಾಲಿಗೆ ಕಲ್ಲು ಕೊಟ್ಟ ಮೇಲೆ ಹೋಗಬೇಕು.

ನಮ್ಮೂರಿನ ನಡುವೆ ಹಾಯುವ ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಗೆ ಮೊದಲು 63 ಅನ್ನುತ್ತಿದ್ದರು, ಈಗ 52. ಬಳ್ಳಾರಿಯ ಅದಿರು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಕಾಲದಲ್ಲಿ, 2010ರ ತನಕ, ಇದನ್ನು ದಾಟುವುದೇ ಒಂದು ಸಾಹಸವಾಗಿತ್ತು. ಈಗಲೂ ಕಡಿಮೆ ಏನಲ್ಲ. ತುಂಬಿದ ಟ್ರೇಲರಿನ ಬಾಲ ರಸ್ತೆ ದಾಟಲು 10 ಸೆಕೆಂಡ್ ಹಿಡಿದರೆ, ಅಷ್ಟರಲ್ಲಿ 60 ಕಿ.ಮೀ. ವೇಗದ ಲಾರಿ 165 ಮೀಟರಿಗಿಂತ ಹೆಚ್ಚು ಬಂದಿರುತ್ತದೆ. ಟ್ರ್ಯಾಕ್ಟರ್ ದಾಟಿದರೆ ಸಾಲದು, ಬಾಲವೂ ದಾಟಬೇಕು. ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಿ, ಕೆಸರು ಒರೆಸಿಡಿ.

ಕಲಿಯಲು ಒಳ್ಳೆಯ ಕಾಲ ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ. ಖಾಲಿ ಟ್ರೇಲರ್ ಕಟ್ಟಿ, ಟ್ರೇಲರಿನ ಅಗಲಕ್ಕಿಂತ ನಾಲ್ಕು ಅಡಿ ಹೆಚ್ಚು ಬಿಟ್ಟು ಎರಡು ಬಿದಿರು ಊರಿ, ಅದರ ನಡುವೆ ಹಿಂದೆ ಹೋಗಬೇಕು. ಕಳೆದ ಬೇಸಿಗೆ ಪಕ್ಕದ ಮನೆಯ ತಂಗಿ, ಗಂಡ ದುಡಿಯಲು ಗೋವೆಗೆ ಹೋದವ, ಹೀಗೇ ದಿನಾ ಸಂಜೆ ಕಲಿತಳು. ಮೊದಲ ವಾರ ಹನ್ನೊಂದು ಬಿದಿರು ಮುರಿದವು. ಮೂರನೇ ವಾರ ನಾಲ್ಕು ಅಡಿಯನ್ನು ಎರಡಕ್ಕೆ ಇಳಿಸಿದೆವು. ಈ ಸಲದ ಗೋವಿನಜೋಳವನ್ನು ಅವಳೇ ಗೋದಾಮಿಗೆ ಹಿಂದೆ ಮಾಡಿ ಹಚ್ಚಿದಳು, ಕಟ್ಟೆಯ ಮೇಲಿನವರನ್ನು ಮೊದಲು ಎಬ್ಬಿಸಿ ಕಳಿಸಿ.